ನೀರು ಸಾಕಾ, ಸ್ಪೋರ್ಟ್ಸ್ ಡ್ರಿಂಕ್ ಬೇಕಾ? ಮಲೆನಾಡಲ್ಲಿ ಓಡುವ, ಹತ್ತುವ, ಸೈಕಲ್ ತುಳಿಯುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ಆರು ಗಂಟೆಗೆ ಶಿವಮೊಗ್ಗದ ನೆಹರೂ ಸ್ಟೇಡಿಯಂ ಕಡೆ ಹೋದರೆ ಪೊಲೀಸ್ ಸೆಲೆಕ್ಷನ್‌ಗೆ ತಯಾರಾಗುವ ಹುಡುಗರು ಸಿಗುತ್ತಾರೆ. ಕಾನ್‌ಸ್ಟೇಬಲ್ ಹುದ್ದೆಗೆ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ಮೊನ್ನೆ ಅವರಲ್ಲೊಬ್ಬ ಓಟ ಮುಗಿಸಿದ, ಬ್ಯಾಗಿನಿಂದ ನೀಲಿ ಬಣ್ಣದ ಸ್ಪೋರ್ಟ್ಸ್ ಡ್ರಿಂಕಿನ ಅರ್ಧ ಲೀಟರ್ ಬಾಟಲಿ ತೆಗೆದ, ಗಟಗಟ ಎತ್ತಿದ. "ನೀರು ಕುಡಿದ್ರೆ ಸುಸ್ತು ಹಂಗೇ ಇರುತ್ತಣ್ಣ, ಇದು ಕುಡಿದ್ರೆ ಎನರ್ಜಿ ಬರುತ್ತೆ" ಅಂದ.

ಲೆಕ್ಕ ಹಾಕೋಣ. 60 ಕೆಜಿ ತೂಕದವರು ಒಂದು ಕಿಲೋಮೀಟರ್ ಓಡಿದರೆ ಸುಮಾರು 60 ಕ್ಯಾಲೊರಿ ಖರ್ಚು. 1600 ಮೀಟರಿಗೆ ನೂರರ ಆಸುಪಾಸು. ಅವನ ಬಾಟಲಿಯಲ್ಲಿ ಹತ್ತಿರ ಹತ್ತಿರ 30 ಗ್ರಾಂ ಸಕ್ಕರೆ, ಅಂದರೆ 120 ಕ್ಯಾಲೊರಿ. ಓಡಿ ಕಳೆದದ್ದಕ್ಕಿಂತ ಕುಡಿದು ತುಂಬಿಕೊಂಡದ್ದೇ ಜಾಸ್ತಿ ಆಯ್ತು.

ಹಾಗಂತ ಆ ಬಾಟಲಿ ಬರೀ ಮೋಸ ಅಂತಲ್ಲ. ಅದನ್ನೇ ಶಿವಮೊಗ್ಗದಿಂದ ಆಗುಂಬೆಗೆ ಸೈಕಲ್ ತುಳಿಯುವವರಿಗೆ ತೀರ್ಥಹಳ್ಳಿ ದಾಟಿದ ಮೇಲೆ, ಮೂರನೇ ಗಂಟೆಯಲ್ಲಿ ಕೊಟ್ಟು ನೋಡಿ, ಬಾಡಿದ ಗಿಡಕ್ಕೆ ನೀರು ಬಿದ್ದ ಹಾಗೆ ಎದ್ದು ಕೂರುತ್ತಾರೆ. ಬಾಟಲಿ ಅದೇ, ಕುಡಿಯುವ ಹೊತ್ತು ಬೇರೆ. ಹಾಗಾಗಿ "ಯಾವುದು ಒಳ್ಳೆಯದು" ಅಂತ ಕೇಳುವ ಮೊದಲು ನಿಮ್ಮ ಮೈಗೆ ಈಗ ಯಾವುದು ಕಮ್ಮಿ ಬಿದ್ದಿದೆ ಅಂತ ತಿಳಿದುಕೊಳ್ಳಬೇಕು. ಅದನ್ನು ಮನೆಯಲ್ಲೇ ಲೆಕ್ಕ ಹಾಕುವುದು ಹೇಗೆ, ಅದಕ್ಕೆ ತಕ್ಕ ಪಾನಕ ಮಾಡಿಕೊಳ್ಳುವುದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಹಂತ 1: ನೀರು, ಸಕ್ಕರೆ, ಉಪ್ಪು – ಮೂರರ ಲೆಕ್ಕ ಬೇರೆ ಬೇರೆ ಇಡಿ

ಸ್ಪೋರ್ಟ್ಸ್ ಡ್ರಿಂಕ್ ಅಂದರೆ ಈ ಮೂರರ ಮಿಶ್ರಣ, ಜೊತೆಗೆ ಬಣ್ಣ ಮತ್ತು ವಾಸನೆ. ಅಷ್ಟೇ.

ನೀರಿನಲ್ಲಿ ಶಕ್ತಿ ಇಲ್ಲ. ಒಂದು ಕ್ಯಾಲೊರಿಯೂ ಇಲ್ಲ. ಆ ಅರ್ಥದಲ್ಲಿ ಸ್ಟೇಡಿಯಂ ಹುಡುಗ ಹೇಳಿದ್ದು ಸರಿಯೇ. ಆದರೆ ಮೈಗೆ ಬೇಕಾದ ಶಕ್ತಿ ಆಗಲೇ ಮೈಯೊಳಗೆ ಶೇಖರವಾಗಿರುತ್ತದೆ ಅನ್ನುವುದನ್ನು ಅವನು ಮರೆತಿದ್ದ. ನಿನ್ನೆ ರಾತ್ರಿ ಉಂಡ ಅನ್ನ ಗ್ಲೈಕೋಜನ್ (ಮೈ ಕೂಡಿಡುವ ಪಿಷ್ಟ) ಆಗಿ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಲಿವರಿನಲ್ಲಿ 100 ಗ್ರಾಂವರೆಗೆ ಕೂತಿರುತ್ತದೆ. ಮನೆಯ ಪಣತದಲ್ಲಿ, ಅಂದರೆ ಕಣಜದಲ್ಲಿ, ಭತ್ತ ಇದ್ದ ಹಾಗೆ. ಜೋರಾಗಿ ಓಡಿದರೆ ಅಥವಾ ಸೈಕಲ್ ತುಳಿದರೆ ಈ ಪಣತ ಸಾಧಾರಣವಾಗಿ ಒಂದೂವರೆಯಿಂದ ಎರಡು ಗಂಟೆ ಬರುತ್ತದೆ. ಪಣತ ತುಂಬಿರುವಾಗ ಅಂಗಡಿಯಿಂದ ಅಕ್ಕಿ ತರುವ ಅವಸರ ಯಾರಿಗಿರುತ್ತದೆ ಹೇಳಿ.

ರಾತ್ರಿ ನಿದ್ದೆಯಲ್ಲಿ ಲಿವರಿನ ಪಾಲು ಇಳಿಯುತ್ತದೆ, ಸ್ನಾಯುಗಳ ಪಾಲು ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಅದಕ್ಕೇ ಖಾಲಿ ಹೊಟ್ಟೆಯಲ್ಲಿ ಅರ್ಧ ಗಂಟೆ ಓಡಿದರೆ ಏನೂ ಆಗುವುದಿಲ್ಲ, ಎರಡು ಗಂಟೆ ಹೋದರೆ ತಲೆ ತಿರುಗಿದ ಹಾಗಾಗುತ್ತದೆ.

ಇನ್ನು ಉಪ್ಪು. ಬೆವರಿನಲ್ಲಿ ಹೋಗುವ ಮುಖ್ಯ ಲವಣ ಸೋಡಿಯಂ. ಒಬ್ಬೊಬ್ಬರದು ಒಂದೊಂದು ಥರ. ಓಡಿ ಬಂದಮೇಲೆ ಕಪ್ಪು ಟೀ ಶರ್ಟಿನ ಮೇಲೆ ಬಿಳಿ ಗೆರೆ ಬೀಳುತ್ತದಾ? ಬೆವರು ಕಣ್ಣಿಗೆ ಇಳಿದರೆ ಜಾಸ್ತಿ ಉರಿಯುತ್ತದಾ? ಹಾಗಿದ್ದರೆ ನಿಮ್ಮದು ಉಪ್ಪು ಜಾಸ್ತಿ ಇರುವ ಬೆವರು. ಉಪ್ಪು ಶಕ್ತಿ ಕೊಡುವುದಿಲ್ಲ. ಆದರೆ ಕುಡಿದ ನೀರನ್ನು ಮೈಯಲ್ಲಿ ನಿಲ್ಲಿಸಿಕೊಳ್ಳಲು, ಇನ್ನೂ ಕುಡಿಯಬೇಕು ಅನ್ನುವ ಬಾಯಾರಿಕೆ ಉಳಿಸಲು ಅದು ಬೇಕು. ಇನ್ನೊಂದು ಚಂದದ ಕೆಲಸವೂ ಇದೆ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲುಕೋಸ್ ಮತ್ತು ಸೋಡಿಯಂ ಒಟ್ಟಿಗೇ ಒಳಗೆ ಹೋಗುವ ಬಾಗಿಲುಗಳಿವೆ. ಇವೆರಡೂ ಕೈಹಿಡಿದು ಒಳಗೆ ಹೋದರೆ ಅವುಗಳ ಹಿಂದೆ ನೀರೂ ಹೋಗುತ್ತದೆ. ಭೇದಿಯಾದ ಮಗುವಿಗೆ ಓಆರ್‌ಎಸ್ ಕೊಡುವುದರ ಗುಟ್ಟೂ ಇದೇ.

ಈ ಪಾನೀಯ ಯಾರಿಗಾಗಿ ಹುಟ್ಟಿತು ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. 1965ರಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಕೇಡ್ ಅನ್ನುವ ವೈದ್ಯರು ಮತ್ತು ಅವರ ಜೊತೆಗಾರರು ಗೇಟೋರೇಡ್ ಅನ್ನುವ ಸ್ಪೋರ್ಟ್ಸ್ ಡ್ರಿಂಕ್ ತಯಾರಿಸಿದ್ದು ಅಲ್ಲಿನ ಅಮೆರಿಕನ್ ಫುಟ್ಬಾಲ್ ತಂಡಕ್ಕೆ. ಸುಡುವ ಬಿಸಿಲು, ಮೈಮೇಲೆ ಭಾರದ ಕವಚ, ಗಂಟೆಗಟ್ಟಲೆ ಆಟ. ಅವರಿಗೆ ನೀರು, ಸಕ್ಕರೆ, ಉಪ್ಪು ಮೂರೂ ಖಾಲಿಯಾಗುತ್ತಿತ್ತು. ನಲವತ್ತು ನಿಮಿಷ ವಾಕಿಂಗ್ ಮಾಡುವ ನಮಗೆ ಮೂರೂ ಖಾಲಿಯಾಗಿರುತ್ತದಾ?

ಹಂತ 2: ಗಡಿಯಾರ ನೋಡಿ

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಎಷ್ಟು ಹೊತ್ತು?

ಒಂದು ಗಂಟೆಯೊಳಗಿನ ಯಾವ ವ್ಯಾಯಾಮಕ್ಕೂ ನೀರು ಸಾಕು. ಜಿಮ್, ವಾಕಿಂಗ್, ಐದಾರು ಕಿಲೋಮೀಟರ್ ಓಟ, ಶಟಲ್ ಆಟ, ಎಲ್ಲಾ ಇದರಲ್ಲೇ ಬಂತು.

ಗಂಟೆ ದಾಟಿ ಒಂದೂವರೆ ಗಂಟೆವರೆಗೆ ಹೋಗುವುದಾದರೆ ಅದು ಎಷ್ಟು ಜೋರಿನದು ಅನ್ನುವುದರ ಮೇಲೆ ಹೋಗುತ್ತದೆ. ಮಾತಾಡಿಕೊಂಡು ಓಡುವಷ್ಟು ನಿಧಾನವಾದರೆ ನೀರೇ ಸಾಕು. ಉಸಿರು ಬಿಗಿಹಿಡಿದು ಓಡುವುದಾದರೆ ಸ್ವಲ್ಪ ಸಕ್ಕರೆ ಸಹಾಯ ಮಾಡುತ್ತದೆ. ಇಲ್ಲೊಂದು ತಮಾಷೆ ಇದೆ. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೈಕಲ್ ಸವಾರರು ಸುಮಾರು ಒಂದು ಗಂಟೆಯ ಸ್ಪರ್ಧೆಯಲ್ಲಿ ಪಿಷ್ಟದ ನೀರನ್ನು ಬಾಯಲ್ಲಿ ಮುಕ್ಕಳಿಸಿ ಉಗಿದರು, ನುಂಗಲೇ ಇಲ್ಲ, ಆದರೂ ಬರೀ ನೀರು ಮುಕ್ಕಳಿಸಿದಾಗಿನದಕ್ಕಿಂತ ಶೇಕಡಾ 3ರಷ್ಟು ಬೇಗ ಮುಗಿಸಿದರು. ಹೊಟ್ಟೆಗೆ ಏನೂ ಹೋಗಿಲ್ಲ! ಬಾಯಿಗೆ ಪಿಷ್ಟ ತಾಗಿದ ಸುದ್ದಿ ಮೆದುಳಿಗೆ ಹೋಗಿ, "ಊಟ ಬರ್ತಾ ಇದೆ, ಇನ್ನೊಂಚೂರು ತಳ್ಳು" ಅಂತ ಅದು ಮೈಗೆ ಹೇಳಿದ ಹಾಗೆ. ನೀಲಿ ಬಾಟಲಿಯ ಮೊದಲ ಗುಟುಕಿಗೇ ಜೀವ ಬಂತು ಅನ್ನುವವರು ಪೂರ್ತಿ ಸುಳ್ಳು ಹೇಳುತ್ತಿಲ್ಲ, ಆದರೆ ಆ ಗುಟುಕು ಇನ್ನೂ ರಕ್ತಕ್ಕೆ ಸೇರಿರುವುದಿಲ್ಲ.

ಒಂದೂವರೆ ಗಂಟೆ ದಾಟಿದರೆ ಬರೀ ನೀರು ಸಾಲದು. ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಥವಾ ಪಿಷ್ಟ ಒಳಗೆ ಹೋಗಬೇಕು. ಬರೀ ಗ್ಲುಕೋಸ್ ಆದರೆ ಮೈ ಬಳಸಿಕೊಳ್ಳುವುದು ನಿಮಿಷಕ್ಕೆ ಸುಮಾರು ಒಂದು ಗ್ರಾಂ ಮಾತ್ರ, ಅದಕ್ಕೇ 60ರ ಮಿತಿ. ಫ್ರಕ್ಟೋಸ್ ಕರುಳಿನಲ್ಲಿ ಬೇರೆ ಬಾಗಿಲಿನಿಂದ ಒಳಗೆ ಹೋಗುತ್ತದೆ. ಹಾಗಾಗಿ ಎರಡನ್ನೂ ಬೆರೆಸಿದರೆ, ಎರಡೂವರೆ ಗಂಟೆ ಮೀರಿದ ದೊಡ್ಡ ಸ್ಪರ್ಧೆಗಳಲ್ಲಿ, ಹೊಟ್ಟೆಗೆ ಅಭ್ಯಾಸವಿದ್ದವರು ಗಂಟೆಗೆ 90 ಗ್ರಾಂವರೆಗೂ ಹೋಗಬಹುದು. ನಮ್ಮ ಅಡುಗೆಮನೆ ಸಕ್ಕರೆಯಲ್ಲಿ ಅರ್ಧ ಗ್ಲುಕೋಸ್, ಅರ್ಧ ಫ್ರಕ್ಟೋಸ್ ಇದೆ. ಡಬ್ಬಿಯ ಮೇಲೆ "ಡ್ಯುಯಲ್ ಫ್ಯುಯೆಲ್" ಅಂತ ಬರೆದು ಮಾರುವುದರ ಬಡ ಅಣ್ಣ ನಮ್ಮ ಸಾಸಿವೆ ಡಬ್ಬಿ ಪಕ್ಕದಲ್ಲೇ ಕೂತಿದ್ದಾನೆ.

ಚಾರಣದ ವಿಷಯ ಸ್ವಲ್ಪ ಬೇರೆ. 1343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಹಿಡ್ಲುಮನೆ ದಾರಿಯಲ್ಲಿ ಹತ್ತಿ ಇಳಿಯುವುದು ಇಡೀ ದಿನದ ಕೆಲಸ, ಆದರೆ ನಡುನಡುವೆ ಕೂರುತ್ತೀರಿ, ತಿನ್ನುತ್ತೀರಿ. ಅಲ್ಲಿಗೆ ಡ್ರಿಂಕಿಗಿಂತ ನೀರು ಮತ್ತು ಬುತ್ತಿ ಒಳ್ಳೆಯದು. ಎರಡು ಏಲಕ್ಕಿ ಬಾಳೆಹಣ್ಣು, ಒಂದು ತುಂಡು ಬೆಲ್ಲ, ನಾಲ್ಕು ಖರ್ಜೂರ, ಸ್ವಲ್ಪ ಖಾರ ಅವಲಕ್ಕಿ. ಇಷ್ಟರಲ್ಲಿ ಸಕ್ಕರೆಯೂ ಬಂತು, ಉಪ್ಪೂ ಬಂತು. ಅಗಿಯಲು ಬಿಡುವೇ ಇಲ್ಲದ ಓಟ, ಕಬಡ್ಡಿ ಟೂರ್ನಮೆಂಟು, ಘಾಟಿ ಏರುವ ಸೈಕಲ್ ಇಂಥವಕ್ಕೆ ಕುಡಿಯುವ ಸಕ್ಕರೆಯೇ ಅನುಕೂಲ.

ಹಂತ 3: ನಿಮ್ಮ ಬೆವರನ್ನು ತೂಕ ಹಾಕಿ

"ದಿನಕ್ಕೆ ಇಷ್ಟು ಲೀಟರ್ ಕುಡಿಯಿರಿ" ಅನ್ನುವ ಮಾತನ್ನು ಬಿಟ್ಟುಬಿಡಿ. ಗಂಟೆಗೆ ಅರ್ಧ ಲೀಟರ್ ಬೆವರುವವರೂ ಇದ್ದಾರೆ, ಎರಡು ಲೀಟರ್ ಬೆವರುವವರೂ ಇದ್ದಾರೆ. ನಿಮ್ಮದೆಷ್ಟು ಅಂತ ಬಾತ್‌ರೂಂ ತಕ್ಕಡಿ ಹೇಳುತ್ತದೆ.

ಮೊದಲು ಮೂತ್ರ ಮಾಡಿ ಬನ್ನಿ. ಬಟ್ಟೆ ಇಲ್ಲದೆ, ಇಲ್ಲವೇ ಒಳಬಟ್ಟೆಯಲ್ಲಿ ತೂಕ ನೋಡಿ ಬರೆದುಕೊಳ್ಳಿ. ಒಂದು ಗಂಟೆ ಎಂದಿನ ಹಾಗೆ ಓಡಿ. ನಡುವೆ ಕುಡಿದ ನೀರು ಎಷ್ಟು ಅಂತ ಬಾಟಲಿ ನೋಡಿ ಗುರುತಿಡಿ. ವಾಪಸ್ ಬಂದು ಮೈ ಒರೆಸಿಕೊಂಡು, ಒದ್ದೆ ಬಟ್ಟೆ ತೆಗೆದು, ಮತ್ತೆ ತೂಕ ನೋಡಿ. ಒಂದು ಕೆಜಿ ಇಳಿದರೆ ಒಂದು ಲೀಟರ್ ಅಂತ ಲೆಕ್ಕ. ಉದಾಹರಣೆಗೆ 64 ಕೆಜಿ ಇದ್ದದ್ದು 63.1 ಆಯಿತು, ನಡುವೆ 300 ಮಿಲಿ ಕುಡಿದಿರಿ ಅಂದರೆ ಬೆವರು 900 ಕೂಡಿಸು 300, ಒಟ್ಟು 1.2 ಲೀಟರ್.

ಇದನ್ನು ಏಪ್ರಿಲ್‌ನಲ್ಲಿ ಒಮ್ಮೆ, ಜುಲೈನಲ್ಲಿ ಇನ್ನೊಮ್ಮೆ ಮಾಡಿ. ಮಳೆಗಾಲದಲ್ಲಿ ತಂಪಿರುತ್ತದೆ, ಬೆವರುವುದಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಬೆವರು ಮೈ ತಣಿಸುವುದು ಆರಿದಾಗ ಮಾತ್ರ, ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಏನೂ ತಂಪಿಲ್ಲ. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಆಷಾಢದಲ್ಲಿ ಒಲೆ ಮೇಲಿನ ಹಗ್ಗಕ್ಕೆ ಹಾಕಿದ ಪಂಚೆಯೇ ಮೂರು ದಿನಕ್ಕೆ ಒಣಗುವುದಿಲ್ಲ, ಮೈಮೇಲಿನ ಬೆವರು ಎಲ್ಲಿ ಆರಬೇಕು. ಅದರ ಮೇಲೆ ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿಕೊಂಡು ಬೆಟ್ಟ ಹತ್ತಿದರೆ ಹೊರಗಿನ ಮಳೆಗಿಂತ ಒಳಗಿನ ಮಳೆಯೇ ಜೋರು. ಮೈ ಒದ್ದೆ, ಗಾಳಿ ತಣ್ಣಗೆ, ಬಾಯಾರಿಕೆ ಗೊತ್ತೇ ಆಗುವುದಿಲ್ಲ. ನನ್ನ ಜುಲೈ ಲೆಕ್ಕ ಏಪ್ರಿಲ್ ಲೆಕ್ಕಕ್ಕಿಂತ ಬರೀ 200 ಮಿಲಿ ಕಮ್ಮಿ ಬಂತು.

ಇನ್ನು ಎಷ್ಟು ಕುಡಿಯಬೇಕು? ಬೆವರಿದ್ದಷ್ಟೂ ಅಲ್ಲೇ ತುಂಬಿಸಬೇಕಿಲ್ಲ. ಮೈತೂಕದ ಶೇಕಡಾ 2ಕ್ಕಿಂತ ಜಾಸ್ತಿ ಇಳಿಯದ ಹಾಗೆ ನೋಡಿಕೊಂಡರೆ ಆಯಿತು, ಅಂದರೆ 60 ಕೆಜಿಯವರಿಗೆ 1.2 ಕೆಜಿ. ಬಹಳ ಜನರಿಗೆ ಗಂಟೆಗೆ 400ರಿಂದ 800 ಮಿಲಿಯಲ್ಲಿ ಇದು ಸರಿಹೋಗುತ್ತದೆ.

ಓಡಿ ಬಂದಮೇಲೆ ತೂಕ ಏರಿದ್ದರೆ? ಅದು ಎಚ್ಚರಿಕೆಯ ಗಂಟೆ. ಬೆವರಿದ್ದಕ್ಕಿಂತ ಜಾಸ್ತಿ ಕುಡಿದಿದ್ದೀರಿ. ಹೀಗೆ ಗಂಟೆಗಟ್ಟಲೆ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ತೆಳ್ಳಗಾಗಿ ಮೆದುಳು ಊದಿಕೊಳ್ಳುವ ಅಪಾಯ ಇದೆ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡಾ 13ರಷ್ಟು ಜನರ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಕೆಳಗಿತ್ತು. ಸ್ಪೋರ್ಟ್ಸ್ ಡ್ರಿಂಕ್ ಕುಡಿದರೆ ಇದರಿಂದ ಪಾರು ಅಂತ ತಿಳಿಯಬೇಡಿ. ಅದರ ಸೋಡಿಯಂ ರಕ್ತದ ಸೋಡಿಯಂಗಿಂತ ಎಷ್ಟೋ ಕಮ್ಮಿ, ಹಾಗಾಗಿ ಅದನ್ನು ಅತಿಯಾಗಿ ಕುಡಿದರೂ ಕಥೆ ಅದೇ. ದೂರದ ಓಟದಲ್ಲಿ ತಲೆನೋವು, ವಾಂತಿ, ಬೆರಳು ಊದಿ ಉಂಗುರ ಬಿಗಿಯಾಗುವುದು, ಮಾತು ತೊದಲುವುದು ಕಂಡರೆ "ಪಾಪ, ನೀರು ಕುಡೀಲಿ" ಅಂತ ಇನ್ನಷ್ಟು ಸುರಿಯಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಎಷ್ಟು ಕುಡಿದಿದ್ದರು ಅಂತಲೂ ಅಲ್ಲಿ ಹೇಳಿ.

ಹಂತ 4: ಬಾಟಲಿ ತಿರುಗಿಸಿ ಹಿಂದೆ ಓದಿ

ಮುಂದೆ ಬರೆದದ್ದು ಬಿಡಿ. ಹಿಂದಿನ ಸಣ್ಣ ಅಕ್ಷರದಲ್ಲಿ 100 ಮಿಲಿಗೆ ಎಷ್ಟು ಸಕ್ಕರೆ, ಎಷ್ಟು ಸೋಡಿಯಂ ಅಂತ ಮಾತ್ರ ನೋಡಿ. 6ರಿಂದ 8 ಗ್ರಾಂ ಸಕ್ಕರೆ, 40–50 ಮಿಲಿಗ್ರಾಂ ಸೋಡಿಯಂ ಇದ್ದರೆ ಅದು ನಿಜವಾದ ಸ್ಪೋರ್ಟ್ಸ್ ಡ್ರಿಂಕ್.

ಎನರ್ಜಿ ಡ್ರಿಂಕ್ ಬೇರೆಯೇ ಜಾತಿ. ಅದರಲ್ಲಿ ಸಾಮಾನ್ಯವಾಗಿ 100 ಮಿಲಿಗೆ 11 ಗ್ರಾಂ ಹತ್ತಿರ ಸಕ್ಕರೆ, ಗ್ಯಾಸು, ಜೊತೆಗೆ ಕೆಫೀನ್. ಹೆಸರಲ್ಲಿ ಎನರ್ಜಿ ಇದೆ ಅಂತ ಆಟದ ನಡುವೆ ಅದನ್ನು ಕುಡಿಯುವ ಹುಡುಗರನ್ನು ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟಲ್ಲಿ ತುಂಬಾ ನೋಡಿದ್ದೇನೆ. ಎದೆ ಡವಡವ ಅನ್ನುತ್ತದೆ, ಹೊಟ್ಟೆ ಉಬ್ಬುತ್ತದೆ. ಮಕ್ಕಳಿಗಂತೂ ಕೊಡಲೇಬೇಡಿ.

ಗ್ಲುಕೋಸ್ ಪುಡಿಯಲ್ಲಿ ಸಕ್ಕರೆ ಇದೆ, ಉಪ್ಪು ಇಲ್ಲ ಅನ್ನುವಷ್ಟು ಕಮ್ಮಿ. ನೀರಿಗೆ ಹಾಕಿದರೆ ನೊರೆ ಬರುವ ಎಲೆಕ್ಟ್ರೋಲೈಟ್ ಮಾತ್ರೆ ಇದರ ಉಲ್ಟಾ, ಉಪ್ಪು ಇದೆ, ಸಕ್ಕರೆ ಇಲ್ಲದಷ್ಟು ಕಮ್ಮಿ, ಹಾಗಾಗಿ ಅದರಿಂದ ಶಕ್ತಿ ಬರುವುದಿಲ್ಲ.

ಓಆರ್‌ಎಸ್ ಬಗ್ಗೆ ಗೊಂದಲ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ಯಾಕೆಟ್ಟಿನಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲುಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಇಡೀ ಲೀಟರಿನಲ್ಲಿ 54 ಕ್ಯಾಲೊರಿ. ನೀರು ತುಂಬಿಸಲು ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಓಟಕ್ಕೆ ಶಕ್ತಿ ಬೇಕು ಅಂತ ಕುಡಿಯುವುದು ದಂಡ. ಹಾಗೇ ಓಆರ್‌ಎಸ್ ಅಂತ ಹೆಸರಿಟ್ಟುಕೊಂಡು ಸಿಹಿ ಜ್ಯೂಸ್ ಟೆಟ್ರಾ ಪ್ಯಾಕಲ್ಲಿ ಮಾರಾಟವಾಗುತ್ತಿತ್ತು. ಈ ಸೂತ್ರದಂತಿಲ್ಲದ ಪಾನೀಯಕ್ಕೆ ಆ ಹೆಸರು ಬಳಸಬಾರದು ಅಂತ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿತು. ಭೇದಿಯಾದವರಿಗೆ ಆ ಜ್ಯೂಸು ಕೊಟ್ಟರೆ ಭೇದಿ ಹೆಚ್ಚೇ ಆಗಬಹುದು, ಯಾಕೆ ಅಂತ ಈಗ ಹೇಳುತ್ತೇನೆ.

ಸಕ್ಕರೆ 100 ಮಿಲಿಗೆ 8 ಗ್ರಾಂ ದಾಟಿ ಗಟ್ಟಿಯಾದಷ್ಟೂ ಹೊಟ್ಟೆಯಿಂದ ಕೆಳಗೆ ಇಳಿಯುವುದು ನಿಧಾನ. ಇಳಿದ ಮೇಲೂ ಅದನ್ನು ತೆಳ್ಳಗೆ ಮಾಡಲು ಕರುಳು ಮೈಯೊಳಗಿನ ನೀರನ್ನೇ ಎಳೆದುಕೊಳ್ಳುತ್ತದೆ. ನಾನು ಈ ಪಾಠ ಕಲಿತದ್ದು ಪುಸ್ತಕದಿಂದಲ್ಲ. ಸೋಮೇಶ್ವರದಿಂದ ಆಗುಂಬೆ ಘಾಟಿಯನ್ನು ಸೈಕಲಲ್ಲಿ ಏರುವ ದಿನ, 14 ತಿರುವುಗಳಿವೆ, ಶಕ್ತಿ ಜಾಸ್ತಿ ಇರಲಿ ಅಂತ ಒಂದು ಬಾಟಲಿಗೆ ಹಾಕಬೇಕಾದ ಪುಡಿಯ ಎರಡರಷ್ಟು ಸುರಿದುಕೊಂಡಿದ್ದೆ. ಏಳನೇ ತಿರುವಿನಲ್ಲಿ ಹೊಟ್ಟೆಯೊಳಗೆ ಕಡೆಗೋಲು ಹಾಕಿ ತಿರುಗಿಸಿದ ಹಾಗಾಯಿತು. ಸೈಕಲನ್ನು ಕಟ್ಟೆಗೆ ಒರಗಿಸಿ ಕಾಡು ಹುಡುಕಿಕೊಂಡು ಹೋದೆ. ಅಲ್ಲಿದ್ದ ಮಂಗಗಳು ಅಷ್ಟರಲ್ಲಿ ನನ್ನ ಬಾಳೆಹಣ್ಣನ್ನೂ ತಗೊಂಡು ಹೋದವು.

ಹಂತ 5: ಮನೆಯಲ್ಲೇ ಮಾಡಿಕೊಳ್ಳಿ

ಒಂದು ಲೀಟರಿಗೆ:

ಕುದಿಸಿ ಆರಿಸಿದ ನೀರು – 1 ಲೀಟರ್
ಸಕ್ಕರೆ – 60 ಗ್ರಾಂ (ಚಮಚದ ಲೆಕ್ಕ ಬೇಡ, ಒಮ್ಮೆ ತಕ್ಕಡಿಯಲ್ಲಿ ತೂಗಿ ಒಂದು ಬಟ್ಟಲಿಗೆ ಗುರುತು ಹಾಕಿಕೊಳ್ಳಿ)
ಉಪ್ಪು – ಕಾಲು ಟೀ ಚಮಚ, ತಲೆ ಸವರಿದ್ದು
ನಿಂಬೆಹಣ್ಣು – 1

ಕಾಲು ಚಮಚ ಉಪ್ಪಿನಲ್ಲಿ 500–600 ಮಿಲಿಗ್ರಾಂ ಸೋಡಿಯಂ ಬರುತ್ತದೆ, ಅಂಗಡಿ ಬಾಟಲಿಗಿಂತ ಒಂಚೂರು ಜಾಸ್ತಿಯೇ. ಮೊದಲು ಉಪ್ಪು ಕರಗಿಸಿ ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಇನ್ನೊಮ್ಮೆ ಮಾಡಿ. ಆಮೇಲೆ ಸಕ್ಕರೆ, ಕೊನೆಗೆ ನಿಂಬೆ.

ಸಾಗರ, ಹೊಸನಗರ ಕಡೆಯವರ ಮನೆಯಲ್ಲಿ ಜೋನಿ ಬೆಲ್ಲ ಇದ್ದೇ ಇರುತ್ತದೆ. ಅದರಲ್ಲಿ ನೀರಿನಂಶ ಇರುವುದರಿಂದ 60ರ ಬದಲು 85 ಗ್ರಾಂ ಹತ್ತಿರ ಹಾಕಿ. ಬಾಟಲಿಯಲ್ಲಿ ಕುಲುಕಿದರೆ ಕರಗುತ್ತದೆ, ಅಚ್ಚು ಬೆಲ್ಲದ ಹಾಗೆ ಕಸ ಸೋಸುವ ರಗಳೆ ಕಮ್ಮಿ. ನನಗಂತೂ ಇದೇ ಇಷ್ಟ. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವ ಊರು ನಮ್ಮದು. ಬಿಸಿಲಲ್ಲಿ ಮೈಲಿಗಟ್ಟಲೆ ನಡೆದು ಬಂದವರಿಗೆ ಅದಕ್ಕಿಂತ ಸರಿಯಾದ ಉಪಚಾರ ಯಾವುದಿತ್ತು. ಆದರೆ ಬೆಲ್ಲ ಅಂದರೆ ಸಕ್ಕರೆಯೇ. "ನ್ಯಾಚುರಲ್" ಅಂತ ಸಕ್ಕರೆ ಕಾಯಿಲೆಯವರು ಲೋಟಗಟ್ಟಲೆ ಕುಡಿಯುವಂತಿಲ್ಲ.

ಉಳಿದ ನಮ್ಮ ಪಾನೀಯಗಳ ಜಾತಕ ಹೀಗಿದೆ.

ಎಳನೀರು: ಪೊಟ್ಯಾಸಿಯಂ ಬೇಕಾದಷ್ಟು, ಸೋಡಿಯಂ ಕಮ್ಮಿ, ಸಕ್ಕರೆ ಸ್ಪೋರ್ಟ್ಸ್ ಡ್ರಿಂಕಿನ ಅರ್ಧದಷ್ಟು. ಬೆವರಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ ಆದ್ದರಿಂದ ಒಂದು ಚಿಟಿಕೆ ಉಪ್ಪು ಹಾಕಿಕೊಂಡರೆ ಜೋಡಿ ಸರಿಯಾಗುತ್ತದೆ. ಎಳನೀರು ಮಾರುವವರು ಉಪ್ಪು ಕೇಳಿದರೆ ವಿಚಿತ್ರವಾಗಿ ನೋಡುತ್ತಾರೆ, ಕಾಗದದಲ್ಲಿ ಕಟ್ಟಿಕೊಂಡು ಹೋಗಿ.

ಮಜ್ಜಿಗೆ: ನೀರು ಮಜ್ಜಿಗೆಗೆ ಉಪ್ಪು ಹಾಕಿದರೆ ನೀರು, ಉಪ್ಪು ಎರಡೂ ಚೆನ್ನಾಗಿ ಸಿಗುತ್ತದೆ, ಸಕ್ಕರೆ ತೀರಾ ಕಮ್ಮಿ. ಓಡುವಾಗ ಬೇಡ, ಕುಲುಕಿ ಹುಳಿತೇಗು ಬರುತ್ತದೆ. ಮುಗಿದ ಮೇಲೆ ಇದಕ್ಕೆ ಸಾಟಿ ಇಲ್ಲ. ಮಾವಿನಕಾಯಿಯ ಅಪ್ಪೆಹುಳಿಯೂ ಹಾಗೇ.

ಕಬ್ಬಿನ ಹಾಲು: ಆಲೆಮನೆಯಲ್ಲಿ ಕುಡಿಯುವುದು ಕುಡಿಯಿರಿ, ಆದರೆ ಅದರಲ್ಲಿ ಸಕ್ಕರೆ ಸ್ಪೋರ್ಟ್ಸ್ ಡ್ರಿಂಕಿನ ಎರಡರಷ್ಟು. ವ್ಯಾಯಾಮದ ನಡುವೆ ಆದರೆ ಅಷ್ಟೇ ನೀರು ಬೆರೆಸಿ, ಚಿಟಿಕೆ ಉಪ್ಪು, ನಿಂಬೆ ಹಿಂಡಿ.

ಮುರುಗಲು (ಕೋಕಂ) ಪಾನಕ: ಬಾಟಲಿಯಲ್ಲಿ ಸಿಗುವ ಸಿರಪ್ ಬಹಳ ಸಿಹಿ. ಅತಿಥಿಗೆ ಕೊಡುವಷ್ಟು ಗಟ್ಟಿ ಬೇಡ, ಬಣ್ಣ ತಿಳಿಯಾಗುವಷ್ಟು ನೀರು ಹಾಕಿ.

ಗಂಜಿ: ತೆಳ್ಳಗಿನ ಗಂಜಿಗೆ ಉಪ್ಪು ಹಾಕಿದರೆ ನೀರು, ಪಿಷ್ಟ, ಉಪ್ಪು ಮೂರೂ ಬಂತು. ಅಡಿಕೆ ಕೊಯ್ಲಿನ ಹೊತ್ತಿಗೆ ಮರದಿಂದ ಮರಕ್ಕೆ ಹತ್ತುವ ಕೊನೆಗೌಡರು ಬೆಳಗಿನಿಂದ ಸಂಜೆವರೆಗೆ ಮಾಡುವ ಕೆಲಸ ಯಾವ ಮ್ಯಾರಥಾನಿಗೂ ಕಡಿಮೆಯಿಲ್ಲ. ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ, ಮಧ್ಯಾಹ್ನ ಮಜ್ಜಿಗೆ, ನಡುವೆ ಬೆಲ್ಲ. ಮೂರೂ ಖಾತೆ ಜಮಾ. ನಿಜವಾಗಿ ಸಕ್ಕರೆ, ಉಪ್ಪು ಬೇಕಾದವರು ಅವರು, ಏಸಿ ಜಿಮ್ಮಿನಲ್ಲಿ ಬಾಟಲಿ ಹಿಡಿದು ಸೆಲ್ಫಿ ತೆಗೆಯುವವರಲ್ಲ.

ಮನೆಯಲ್ಲಿ ಮಾಡಿದ್ದನ್ನು ಅದೇ ದಿನ ಮುಗಿಸಿ, ಉಳಿದರೆ ಚೆಲ್ಲಿ. ಬೆಲ್ಲದ ನೀರು ಬೇಗ ಹುಳಿ ಬರುತ್ತದೆ. ಸೈಕಲ್ ಬಾಟಲಿಯ ಮುಚ್ಚಳದ ರಬ್ಬರ್ ಬಿಚ್ಚಿ ತೊಳೆಯಿರಿ, ಮಳೆಗಾಲದಲ್ಲಿ ಅದರ ಕೆಳಗೆ ಕಪ್ಪು ಬೂಸ್ಟು ಕಟ್ಟಿರುತ್ತದೆ, ನೋಡಿದರೆ ವಾಕರಿಕೆ ಬರುವಷ್ಟು.

ಹಂತ 6: ಯಾವಾಗ, ಎಷ್ಟು ಗುಟುಕು

ಹೊರಡುವುದಕ್ಕೆ ಎರಡು ಮೂರು ಗಂಟೆ ಮುಂಚೆ 300–400 ಮಿಲಿ ನೀರು. ಬೆಳಗಿನ ಜಾವ ಹೊರಡುವವರಿಗೆ ಇದು ಆಗದ ಮಾತು. ಎದ್ದ ಕೂಡಲೇ ಒಂದು ಲೋಟ ಕುಡಿದು, ಮೂತ್ರಕ್ಕೆ ಹೋಗಿ, ಹೊರಡಿ.

ಮೊದಲ ಅರ್ಧ ಗಂಟೆ ಬರೀ ನೀರು, ಬಾಯಾರಿದರೆ ಮಾತ್ರ. ಒಂದೂವರೆ ಗಂಟೆ ದಾಟುವ ದಿನವಾದರೆ ಅರ್ಧ–ಮುಕ್ಕಾಲು ಗಂಟೆಗೆ ಪಾನಕ ಶುರು ಮಾಡಿ. ಸುಸ್ತಾದ ಮೇಲೆ ಕುಡಿಯೋಣ ಅಂತ ಕಾದರೆ ತಡವಾಯಿತು, ಕುಡಿದದ್ದು ಕೆಲಸಕ್ಕೆ ಬರಲು ಸಮಯ ಬೇಕು. 15–20 ನಿಮಿಷಕ್ಕೊಮ್ಮೆ 150 ಮಿಲಿಯಷ್ಟು, ಅಂದರೆ ನಾಲ್ಕೈದು ಗುಟುಕು. ಮೇಲಿನ ಪಾನಕವನ್ನು ಗಂಟೆಗೆ 600 ಮಿಲಿ ಕುಡಿದರೆ 36 ಗ್ರಾಂ ಸಕ್ಕರೆ ಬಂತು. ಇನ್ನೂ ಬೇಕಾದರೆ ಪಾನಕ ಗಟ್ಟಿ ಮಾಡಬೇಡಿ, ಜೊತೆಗೆ ಒಂದು ಬಾಳೆಹಣ್ಣು ತಿನ್ನಿ.

ಎರಡು ಬಾಟಲಿ ಒಯ್ಯುವುದು ಒಳ್ಳೆಯದು, ಒಂದರಲ್ಲಿ ಪಾನಕ, ಒಂದರಲ್ಲಿ ನೀರು. ಸಿಹಿ ಕುಡಿದ ಮೇಲೆ ಒಂದು ಗುಟುಕು ನೀರು ಕುಡಿದರೆ ಹಲ್ಲಿಗೂ ಕ್ಷೇಮ. ಹುಳಿ ಮತ್ತು ಸಕ್ಕರೆ ಸೇರಿದ ಪಾನೀಯವನ್ನು ಗಂಟೆಗಟ್ಟಲೆ ಹೀರುತ್ತಿದ್ದರೆ ಹಲ್ಲಿನ ಮೇಲ್ಪದರ ಸವೆಯುತ್ತದೆ.

ಬಿಪಿ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು ಈ ಯಾವ ಉಪ್ಪು, ಸಕ್ಕರೆ, ಎಳನೀರಿನ ಲೆಕ್ಕವನ್ನೂ ಡಾಕ್ಟರನ್ನು ಕೇಳದೆ ಹಿಡಿಯಬೇಡಿ. ತೂಕ ಇಳಿಸಲು ನಡೆಯುವವರಿಗೆ ಒಂದೇ ಮಾತು, ನೀರು.

ಹಂತ 7: ನಿಮ್ಮ ಮೇಲೇ ಪರೀಕ್ಷೆ ಮಾಡಿ

ನಾನು ಹೇಳಿದೆ ಅಂತ ನಂಬಬೇಡಿ. ಎರಡು ಭಾನುವಾರ ಒಂದೇ ದಾರಿ, ಒಂದೇ ಹೊತ್ತು, ಹಿಂದಿನ ರಾತ್ರಿ ಒಂದೇ ಊಟ ಇಟ್ಟುಕೊಳ್ಳಿ. ಒಂದು ವಾರ ನೀರು, ಇನ್ನೊಂದು ವಾರ ಪಾನಕ. ಎರಡು ಗಂಟೆಯ ಓಟವೋ ಸವಾರಿಯೋ ಆಗಲಿ, ಕೊನೆಯ 20 ನಿಮಿಷದಲ್ಲಿ ಎಷ್ಟು ದೂರ ಹೋದಿರಿ, ಹೊಟ್ಟೆ ಹೇಗಿತ್ತು, ಮುಗಿದ ಮೇಲೆ ತೂಕ ಎಷ್ಟು ಅಂತ ಬರೆದಿಡಿ. ಯಾವುದು ಕುಡಿಯುತ್ತಿದ್ದೀರಿ ಅಂತ ರುಚಿಯಿಂದಲೇ ಗೊತ್ತಾಗುತ್ತದೆ, ಮನಸ್ಸು ಸ್ವಲ್ಪ ಮೋಸ ಮಾಡುತ್ತದೆ, ಹಾಗಾಗಿ ನಾಲ್ಕು ವಾರ ಮಾಡಿದರೆ ಇನ್ನೂ ಒಳ್ಳೆಯದು. ಸ್ಪರ್ಧೆಯ ದಿನ ಮಾತ್ರ ಹೊಸದೇನನ್ನೂ ಬಾಯಿಗೆ ಹಾಕಬೇಡಿ.

ನಾನು ಗಾಜನೂರು ಕಡೆ ಹೋಗಿ ಬರುವ ಒಂದು ಗಂಟೆಯ ಸವಾರಿಯಲ್ಲಿ ಇದನ್ನು ಮಾಡಿದಾಗ ನೀರಿಗೂ ಪಾನಕಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ತೀರ್ಥಹಳ್ಳಿಯ ಸುಮಾರು 60 ಕಿಲೋಮೀಟರ್ ದಾರಿಯಲ್ಲಿ, ನೀರಿನ ವಾರ ಕೊನೆಯ ಹತ್ತು ಕಿಲೋಮೀಟರು ಕಾಲು ಕಲ್ಲಾಯಿತು, ಎದುರು ಬಂದ ಪ್ರತಿ ಬಸ್ಸಿನ ಮೇಲೂ ಸಿಟ್ಟು ಬಂತು. ಜೋನಿ ಬೆಲ್ಲದ ವಾರ ಹಾಗಾಗಲಿಲ್ಲ.

ಮುಗಿದ ಮೇಲೆ

ಕಳೆದುಕೊಂಡ ಪ್ರತಿ ಕೆಜಿಗೆ ಒಂದೂಕಾಲರಿಂದ ಒಂದೂವರೆ ಲೀಟರ್, ಮುಂದಿನ ಕೆಲವು ಗಂಟೆಗಳಲ್ಲಿ ನಿಧಾನವಾಗಿ ಕುಡಿಯಿರಿ. ಸ್ವಲ್ಪ ಮೂತ್ರದಲ್ಲಿ ಹೋಗುವುದರಿಂದ ಈ ಹೆಚ್ಚುವರಿ. ಊಟದ ಜೊತೆಗಾದರೆ ಬೇರೆ ಡ್ರಿಂಕ್ ಬೇಡವೇ ಬೇಡ. ಅನ್ನ, ಸಾರು, ಒಂದು ತುಂಡು ಉಪ್ಪಿನಕಾಯಿ, ಕೊನೆಗೆ ಮಜ್ಜಿಗೆ ಅನ್ನ. ಪಣತವೂ ತುಂಬಿತು, ಉಪ್ಪೂ ಬಂತು. ನಾಳೆಯೇ ಮತ್ತೆ ಉದ್ದನೆಯ ಓಟ ಇದ್ದರೆ ಅನ್ನ ಇನ್ನೊಂದು ಸೌಟು ಜಾಸ್ತಿ ಹಾಕಿಸಿಕೊಳ್ಳಿ.

ಸ್ಟೇಡಿಯಂ ಹುಡುಗನಿಗೆ ಈ ಲೆಕ್ಕವನ್ನೆಲ್ಲ ಹೇಳಿದೆ. ಎಲ್ಲಾ ಕೇಳಿಸಿಕೊಂಡ. "ಅಂದ್ರೆ ಫಿಸಿಕಲ್ ಟೆಸ್ಟ್ ದಿನ ಏನು ಕುಡೀಲಿ ಅಣ್ಣ?" ಅಂದ. ಎದ್ದ ಮೇಲೆ ಒಂದು ಲೋಟ ನೀರು, ಎರಡು ಗಂಟೆ ಮುಂಚೆ ಎರಡು ಇಡ್ಲಿ, ಸರದಿ ಬರಲು ಮಧ್ಯಾಹ್ನ ಆದರೆ ಒಂದು ಬಾಳೆಹಣ್ಣು, ಬಿಸಿಲಲ್ಲಿ ನಿಂತಿರುವಷ್ಟು ಹೊತ್ತು ಗುಟುಕು ಗುಟುಕು ನೀರು ಅಂದೆ. ಬಾಟಲಿ ನೋಡಿಕೊಂಡು, "ಇದನ್ನ ಏನ್ ಮಾಡ್ಲಿ, ಇನ್ನೂ ಮೂರು ಮನೇಲಿದೆ" ಅಂದ. ಭಾನುವಾರದ ಕ್ರಿಕೆಟ್‌ಗೆ ಇಟ್ಟುಕೋ, ಬಿಸಿಲಲ್ಲಿ ಮೂರು ಮ್ಯಾಚ್ ಆಡ್ತೀಯಲ್ಲ, ಎರಡನೇದು ಮುಗಿದ ಮೇಲೆ ಕುಡಿ ಅಂದೆ.